ಪಹಣಿಯ ಹನ್ನೆರಡನೇ ಕಾಲಂ

2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ಮಾರ್ಗ ಲೋಕಾರ್ಪಣೆಯಾಗಿ, ಹೈದರಾಬಾದಿನ ಕಾಚಿಗೂಡದಿಂದ ರಾಯಚೂರಿಗೆ ಮಹಬೂಬನಗರ, ಮಕ್ತಲ್ ಹಾದು ರೈಲು ಓಡತೊಡಗಿತು. ಕೃಷ್ಣಾ ಸ್ಟೇಷನ್ ಬಿಟ್ಟು ಹೊಳೆ ದಾಟಿದರೆ ಕರ್ನಾಟಕ. ಎರಡೂ ದಂಡೆಯ ರೈತರು 1956ರವರೆಗೆ ಹೈದರಾಬಾದಿಗೇ ಕಂದಾಯ ಕಟ್ಟಿದವರು. ಬೆಳೆಯುವುದೂ ಒಂದೇ: ಭತ್ತ, ಹತ್ತಿ, ತೊಗರಿ. ಕೃಷ್ಣಾ ಮಂಡಲದ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ಸಣ್ಣ ರೈತನಿಗೆ ಸರಕಾರ ಹೇಗೆ ಆಸರೆಯಾಗಬೇಕು ಎಂಬ ಪ್ರಶ್ನೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ.

ಹೊಳೆಯ ಎರಡು ಕಡೆ ಎರಡು ದಾರಿ. ತೆಲಂಗಾಣ 2018ರ ಮೇ ತಿಂಗಳಲ್ಲಿ ರೈತು ಬಂಧು ತಂದು, ಬಿತ್ತನೆಗೆ ಮುಂಚೆ ಎಕರೆಗೆ 4,000 ರೂಪಾಯಿ ಕೊಟ್ಟಿತು. ಅದು 5,000 ಆಯಿತು. 2025ರ ಜನವರಿಯಿಂದ ರೈತು ಭರೋಸಾ ಹೆಸರಲ್ಲಿ ಹಂಗಾಮಿಗೆ 6,000. ಜೊತೆಗೆ ರೈತ ತೀರಿಕೊಂಡರೆ ಮನೆಯವರಿಗೆ 5 ಲಕ್ಷದ ರೈತು ಬಿಮಾ. ಕರ್ನಾಟಕ ಹೆಚ್ಚು ನೆಚ್ಚಿಕೊಂಡದ್ದು ಸಾಲ ಮತ್ತು ಬೆಲೆಯನ್ನು. ಸಹಕಾರ ಸಂಘದ ಬಡ್ಡಿಯಿಲ್ಲದ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೇರಿತು. 2025ರ ಆರಂಭದಲ್ಲಿ ಕ್ವಿಂಟಲ್ ತೊಗರಿಗೆ ಕೇಂದ್ರದ 7,550 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ 450 ಸೇರಿಸಿತು. ಯಾವುದು ಮೇಲು ಎಂದು ಎರಡೂ ಕಡೆಯ ಪಕ್ಷಗಳು ಜಗಳವಾಡುತ್ತವೆ.

ಆದರೆ ಹೊಸ್ತಿಲಲ್ಲಿ ಎರಡೂ ಸರಕಾರ ಕೇಳುವ ಪ್ರಶ್ನೆ ಒಂದೇ: ಭೂಮಿ ಯಾರ ಹೆಸರಲ್ಲಿದೆ? ಆಚೆ ಪಟ್ಟಾದಾರ್ ಪಾಸ್‌ಬುಕ್, ಈಚೆ ಪಹಣಿ ಮತ್ತು ಅದಕ್ಕೆ ಜೋಡಿಸಿದ ರೈತರ ನೋಂದಣಿ ಸಂಖ್ಯೆ, ಫ್ರೂಟ್ಸ್ ಐಡಿ. ಕೇಂದ್ರದ ಪಿಎಂ ಕಿಸಾನ್‌ನ ವರ್ಷದ 6,000ಕ್ಕೂ ಇದೇ ಕೀಲಿ. ನನ್ನ ವಾದ ಇಷ್ಟೆ: ನಗದೋ ಸಾಲವೋ ಎಂಬ ಜಗಳಕ್ಕಿಂತ, ನೆರವು ಭೂಮಿಯ ಒಡೆಯನಿಗೋ ಬೆಳೆಯುವವನಿಗೋ ಎಂಬುದು ಮೊದಲು ತೀರ್ಮಾನವಾಗಬೇಕು.

ಬೇರೆಯವರ ಹೊಲವನ್ನು ಲಾವಣಿಗೆ ಹಾಕಿಕೊಂಡವನ ಒಂದು ವರ್ಷ ನೋಡಿ. ಯುಗಾದಿ ಹೊತ್ತಿಗೆ ಬಾಯಿಮಾತಿನಲ್ಲಿ ಒಪ್ಪಂದ. ಎಕರೆಗೆ ಇಷ್ಟು ಚೀಲ, ಇಲ್ಲವೇ ಮುಂಗಡ ರೊಕ್ಕ. ಬ್ಯಾಂಕಿಗೆ ಹೋದರೆ ಆ ಸರ್ವೆ ನಂಬರಿನ ಮೇಲೆ ಒಡೆಯ ಆಗಲೇ ಬೆಳೆಸಾಲ ಎತ್ತಿರುತ್ತಾನೆ. ಒಂದೇ ಹೊಲಕ್ಕೆ ಎರಡು ಸಾಲವಿಲ್ಲ. ಹಾಗಾಗಿ ಬೀಜ, ಗೊಬ್ಬರ, ಕೈಗಡ ಎಲ್ಲಕ್ಕೂ ದಲಾಲಿ ಅಂಗಡಿಯೇ ಗತಿ. ಸುಗ್ಗಿಯಲ್ಲಿ ಮಾಲು ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ. ಖರೀದಿ ಕೇಂದ್ರಕ್ಕೇ ಒಯ್ಯುತ್ತೇನೆಂದರೆ ಒಡೆಯನ ಕಾಗದ ಬೇಕು. ಹಣ ಬೀಳುವುದೂ ಒಡೆಯನ ಖಾತೆಗೆ. ಮಳೆ ಕೈಕೊಟ್ಟರೆ ಪರಿಹಾರವೂ ಅಲ್ಲಿಗೇ. ಇವನೇ ಸತ್ತರೆ, ಪಟ್ಟಾ ಇಲ್ಲದವನ ಹೆಂಡತಿಗೆ ರೈತು ಬಿಮಾ ಇಲ್ಲ. ನಷ್ಟದ ಹೊಣೆ ಪೂರ್ತಿ ಹೊತ್ತವನೇ ಸರಕಾರದ ಲೆಕ್ಕದಲ್ಲಿ ರೈತನಲ್ಲ.

ಕಾಚಿಗೂಡ, ಬರ್ಕತ್‌ಪುರದ ಸುತ್ತ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಊರ ಹೊಲ ಬಿಡದವರು ಇದ್ದಾರೆ. ನಾರಾಯಣಪೇಟೆ ಕಡೆಯ ಹೊಲದ ರೈತು ಭರೋಸಾ ದುಡ್ಡು ನಗರದಲ್ಲಿರುವ ಅವರ ಫೋನಿಗೆ ಮೆಸೇಜಾಗಿ ಬಂದರೆ ಅದರಲ್ಲಿ ಮೋಸವಿಲ್ಲ. ಕಾನೂನು ಕೊಟ್ಟದ್ದನ್ನೇ ಪಡೆದಿರುತ್ತಾರೆ. ಆದರೆ ಹಂಗಾಮಿನ ಬಂಡವಾಳಕ್ಕೆಂದು ಹೊರಟ ಹಣ ಬಂಡವಾಳ ಹಾಕದವರಲ್ಲಿ ನಿಂತರೆ ಯೋಜನೆಯ ವಿಳಾಸವೇ ತಪ್ಪಿದೆ ಎಂದರ್ಥ.

ನಗದು ಯೋಜನೆಯ ಪರ ಗಟ್ಟಿ ಮಾತುಗಳಿವೆ. ಅರ್ಜಿ, ಶಿಫಾರಸು, ಲಂಚದ ಕಾಟವಿಲ್ಲದೆ ದುಡ್ಡು ಖಾತೆಗೆ ಬೀಳುತ್ತದೆ. ಎರಡೆಕರೆ ಸ್ವಂತ ಹೊಲ ಇದ್ದವನಿಗೆ ಅದು ನಿಜವಾದ ಉಸಿರು. ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ತೆಲಂಗಾಣದ ಕೃಷಿ ಕುಟುಂಬಗಳಲ್ಲಿ ನೂರಕ್ಕೆ 91.7 ಸಾಲದಲ್ಲಿದ್ದವು, ದೇಶದ ಸರಾಸರಿ 50.2. ಆಗಿನ್ನೂ ರೈತು ಬಂಧು ಎಳೆಯದು, ಸಾಲದ ಹೊಣೆ ಅದರ ಮೇಲೆ ಹೊರಿಸಲಾಗದು. ಆದರೆ ಇಷ್ಟು ಆಳದ ಸಾಲ ಎಕರೆ ಲೆಕ್ಕದ ನಗದಿನಿಂದಷ್ಟೇ ತೀರುವಂಥದ್ದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹಳೆಯದು: ಉಳುವವನ ಹೆಸರು ದಾಖಲೆಗೆ ಬಂದರೆ ಹೊಲ ಕೈತಪ್ಪೀತು. ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹೈದರಾಬಾದಿನ 1950ರ ಗೇಣಿ ಕಾಯ್ದೆ ರಕ್ಷಿತ ಗೇಣಿದಾರರನ್ನು ಗುರುತಿಸಿತು. 1974ರ ಕರ್ನಾಟಕದ ತಿದ್ದುಪಡಿ ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ನಡೆಸಿಯೇ ತೋರಿಸಿತು, ಮುಂದೆ ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಅಂದು ಅದು ನ್ಯಾಯವೇ. ಆದರೆ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮರೆಯಾಯಿತು. ತೆಲಂಗಾಣದಲ್ಲಿ 2020ರ ಕಾಯ್ದೆಯ ಧರಣಿ ದಾಖಲೆ ಹೊಲ ಮಾಡುತ್ತಿರುವ ಅನುಭವದಾರರ ಕಾಲಂ ಅನ್ನೇ ಬಿಟ್ಟಿತು.

ದಾರಿ ಇಲ್ಲದಿಲ್ಲ. ಅವಿಭಜಿತ ಆಂಧ್ರದ 2011ರ ಕಾಯ್ದೆ ಕೌಲು (ಗೇಣಿ) ರೈತರಿಗೆ ಒಡೆತನದ ಹಕ್ಕಿಲ್ಲದ, ಒಂದು ವರ್ಷದ ಸಾಲಾರ್ಹತಾ ಕಾರ್ಡು ಕೊಟ್ಟಿತು. ಬ್ಯಾಂಕುಗಳು ಮುಂದೆ ಬರಲಿಲ್ಲ. ಆಂಧ್ರದ 2019ರ ಕಾಯ್ದೆ ಒಡೆಯನ ಸಹಿ ಕೇಳಿತು. ಅಂಜಿದವನು ಸಹಿ ಯಾಕೆ ಹಾಕಿಯಾನು? ಎರಡೂ ಕಲಿಸುವ ಪಾಠ ಸ್ಪಷ್ಟ: ಗುರುತು ಒಡೆಯನ ಮರ್ಜಿಯಲ್ಲಿರಬಾರದು, ಸಾಲ ನಿಲ್ಲಬೇಕಾದದ್ದು ಬೆಳೆಯ ಮೇಲೆ, ನೆಲದ ಮೇಲಲ್ಲ.

ಕರ್ನಾಟಕಕ್ಕೆ ಇದು ಕಷ್ಟದ ಕೆಲಸವಲ್ಲ. ಪಹಣಿಯ ಒಂಬತ್ತನೇ ಕಾಲಂ ಒಡೆಯನದು. ಹನ್ನೆರಡನೆಯದು ಸಾಗುವಳಿದಾರ ಮತ್ತು ಬೆಳೆಯದು. ಅಲ್ಲಿ ಹೊಲ ಯಾರು ಮಾಡಿದರೂ ‘ಸ್ವಂತ’ ಎಂದೇ ಬೀಳುವುದು ವಾಡಿಕೆ. ಪ್ರತಿ ಹಂಗಾಮಿಗೆ ಹೊಲಹೊಲಕ್ಕೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆಯುವ ಬೆಳೆ ಸಮೀಕ್ಷೆ ಇದೆ; ಬೆಳೆ ಯಾವುದೆಂದು ಬರೆಯುವವರು ಬೆಳೆದವರು ಯಾರೆಂದೂ ಬರೆಯಲಿ, ಗ್ರಾಮಸಭೆ ಅದನ್ನು ಓದಿ ಒಪ್ಪಲಿ. ಆ ಹೆಸರಿಗೆ ಒಂದೇ ಹಂಗಾಮಿನ ಆಯುಷ್ಯ, ಒಡೆತನದ ಯಾವ ದಾವೆಗೂ ಅದು ಸಾಕ್ಷಿಯಲ್ಲ ಎಂದು ಕಾನೂನೇ ಹೇಳಲಿ. ಅದಕ್ಕಾಗಿ ಗೇಣಿ ನಿಷೇಧ ಸಡಿಲಾಗಬೇಕು. ನೀತಿ ಆಯೋಗದ 2016ರ ಮಾದರಿ ಗೇಣಿ ಕಾಯ್ದೆ ಇಂಥದ್ದೇ ದಾರಿ ತೋರಿಸಿದೆ. ಮುಂದೆ ಬೆಳೆಸಾಲ, ವಿಮೆ, ಬರ ಪರಿಹಾರ, ಖರೀದಿ ನಾಲ್ಕೂ ಆ ಹೆಸರನ್ನೇ ಹಿಂಬಾಲಿಸಲಿ.

ಒಡೆಯನಿಗೆ ಭೂಮಿ ಭದ್ರ, ಬೆಳೆಯುವವನಿಗೆ ಬೆಳೆ ಭದ್ರ. ಇವೆರಡನ್ನು ಬೇರೆಬೇರೆ ಹಿಡಿಯಲಾರದ ಸರಕಾರ ಎಕರೆಗೆ ಆರರ ಬದಲು ಹತ್ತು ಸಾವಿರ ಕೊಟ್ಟರೂ ತಪ್ಪಿದ ವಿಳಾಸಕ್ಕೆ ದೊಡ್ಡ ಮೊತ್ತ ಕಳಿಸಿದಂತಾಗುತ್ತದೆ, ಅಷ್ಟೆ.