ಯಂತ್ರದ ಕೊನೆಯ ಮಾತು

ಗಣಕಯಂತ್ರವು ಕೆಲಸ ಮಾಡುತ್ತಿರುವಾಗಲೇ ಒಮ್ಮೊಮ್ಮೆ ಥಟ್ಟನೆ ಸ್ತಬ್ಧವಾಗುವುದುಂಟು. ಅದರ ಸಕಲ ವ್ಯವಹಾರಗಳನ್ನೂ ನಡೆಸುವ ಕಾರ್ಯಾಚರಣ ವ್ಯವಸ್ಥೆಯೇ ಕುಸಿದಾಗ ಹೀಗಾಗುತ್ತದೆ. ಕುಸಿಯುವ ಕ್ಷಣದಲ್ಲಿ ತಾನು ಏನು ಮಾಡುತ್ತಿದ್ದೆನೆಂಬುದನ್ನು ಅದು ಕೆಲವು ಸಾಲುಗಳಲ್ಲಿ ಹೇಳಬಲ್ಲದು. ಆದರೆ ಆ ಸಾಲುಗಳನ್ನು ಬರೆದಿಡುವುದೆಲ್ಲಿ? ಯಂತ್ರದ ತಾತ್ಕಾಲಿಕ ಸ್ಮರಣೆಯು ವಿದ್ಯುತ್ತು ಹೋದೊಡನೆ ಬರಿದಾಗುತ್ತದೆ. ಡಿಸ್ಕಿನಲ್ಲಿ ಬರೆಯೋಣವೆಂದರೆ, ಬರೆಯಬೇಕಾದ ವ್ಯವಸ್ಥೆಯೇ ದಿಕ್ಕುಗೆಟ್ಟಿರುವಾಗ ಅದು ಒಳ್ಳೆಯ ಕಡತಗಳ ಮೇಲೆಯೇ ಗೀಚಿಬಿಡುವ ಭಯವಿದೆ.

ಇದಕ್ಕೊಂದು ಉಪಾಯವಾಗಿ 2011ರಲ್ಲಿ ಲಿನಕ್ಸ್ ವ್ಯವಸ್ಥೆಗೆ ‘ಪಿಸ್ಟೋರ್’ ಎಂಬ ಏರ್ಪಾಡು ಸೇರಿತು. ಯಂತ್ರವನ್ನು ಮೊದಲು ಎಚ್ಚರಿಸುವ ಫರ್ಮ್‌ವೇರಿಗೆ ತನ್ನದೇ ಆದ ಪುಟ್ಟದೊಂದು ಸ್ಮರಣೆಯಿರುತ್ತದೆ. ವಿದ್ಯುತ್ತು ಹೋದರೂ ಅದು ಅಳಿಯದು. ಕುಸಿತದ ವರದಿಯು 1,024 ಬೈಟುಗಳ ಚೂರುಗಳಾಗಿ ಅಲ್ಲಿ ಸೇರುತ್ತದೆ. ಮರಳಿ ಚಾಲನೆಗೊಂಡಾಗ ತಜ್ಞನು ಅದನ್ನು ಓದಿ ದೋಷವನ್ನು ಕಂಡುಹಿಡಿಯುತ್ತಾನೆ. ಸೊಗಸಾದ ಏರ್ಪಾಡೇ ಸರಿ. ಆದರೆ ಆ ಸ್ಮರಣೆಯು ಬಹಳ ಕಿರಿದು. ಯಂತ್ರವು ಎಲ್ಲಿಂದ ಚಾಲನೆಗೊಳ್ಳಬೇಕೆಂಬ ಮುಖ್ಯ ಸೂಚನೆಯೂ ಅದರಲ್ಲಿಯೇ ಇರುತ್ತದೆ.

ಇದರ ಅಪಾಯವು 2013ರಲ್ಲಿ ಬಯಲಾಯಿತು. ಸ್ಯಾಮ್‌ಸಂಗ್ ಸಂಸ್ಥೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಕುಸಿದು, ವರದಿಯನ್ನು ಫರ್ಮ್‌ವೇರ್ ಸ್ಮರಣೆಯಲ್ಲಿ ಬರೆದಾಗ ಆ ಯಂತ್ರಗಳು ಮತ್ತೆ ಏಳಲೇ ಇಲ್ಲ. ಮೊದಮೊದಲು ಅಪವಾದವು ಲಿನಕ್ಸಿನ ತಲೆಗೆ ಬಂದಿತು. ಬಳಿಕ ಮ್ಯಾಥ್ಯೂ ಗ್ಯಾರೆಟ್ ಎಂಬ ತಜ್ಞರು, ವಿಂಡೋಸ್ ವ್ಯವಸ್ಥೆಯಿಂದ ಆ ಸ್ಮರಣೆಯನ್ನು ತುಂಬಿದರೂ ಅದೇ ಗತಿಯೆಂದು ತೋರಿಸಿಕೊಟ್ಟರು. ಸ್ಮರಣೆಯು ಒಂದು ಮಿತಿಗಿಂತ ಹೆಚ್ಚು ತುಂಬಿದರೆ ತಾಳಲಾರದ ಫರ್ಮ್‌ವೇರೇ ನಿಜವಾದ ತಪ್ಪುಗಾರ. ರೋಗದ ವಿವರವನ್ನು ಬರೆದಿಟ್ಟ ಚೀಟಿಯೇ ರೋಗಿಯನ್ನು ಕೊಂದಂತಾಯಿತು!

ಹಾಗಾದರೆ ಬರೆಯುವುದನ್ನೇ ನಿಲ್ಲಿಸಬೇಕೆಂಬ ವಾದವುಂಟು. ಅದು ಸರಿಯಲ್ಲ. ಕಾರಣ ತಿಳಿಯದ ಕುಸಿತವು ಮತ್ತೆ ಮತ್ತೆ ಮರಳುತ್ತದೆ. ಆಗಬೇಕಾದುದು ಇಷ್ಟು: ವರದಿಯನ್ನು ಮೊದಲು ಡಿಸ್ಕಿಗೆ ನಕಲು ಮಾಡಿ, ನಕಲು ಸರಿಯಾಗಿದೆಯೆಂದು ಖಚಿತವಾದ ಮೇಲೆ ಮೂಲವನ್ನು ಅಳಿಸಬೇಕು. ಈ ಕ್ರಮವು ತಲೆಕೆಳಗಾದರೆ ಸಾಕ್ಷ್ಯವೇ ನಾಶವಾಗುತ್ತದೆ. ಅಳಿಸಿದೊಡನೆ ಜಾಗವು ತೆರವಾಗುವುದೆಂಬ ಭರವಸೆಯೂ ಇಲ್ಲ. ಮಸಿಯಿಂದ ಬರೆದ ಸಾಲನ್ನು ಹೊಡೆದುಹಾಕಿದರೆ ಹಾಳೆಯು ಖಾಲಿಯಾಗುವುದೇ? ಎಷ್ಟೋ ಫರ್ಮ್‌ವೇರ್‌ಗಳು ಹೀಗೆಯೇ ಗುರುತು ಮಾತ್ರ ಹಾಕಿಟ್ಟು, ಯಂತ್ರವು ಮುಂದೆ ಮರುಚಾಲನೆಗೊಂಡಾಗಲಷ್ಟೇ ಜಾಗವನ್ನು ಶುಚಿಗೊಳಿಸುತ್ತವೆ. ಆದುದರಿಂದ ಅಳಿಸುವ ಕೆಲಸವನ್ನು ಸ್ಮರಣೆ ತುಂಬುವ ದಿನದವರೆಗೆ ಮುಂದೂಡುವುದು ಅವಿವೇಕ.

ಲಿನಕ್ಸಿನವರು 2013ರಲ್ಲಿಯೇ ಆ ಸ್ಮರಣೆಯು ಮಿತಿಮೀರಿ ತುಂಬದಂತೆ ತಡೆಯೊಡ್ಡಿದರು. ಆದರೆ ವರದಿಯನ್ನು ತಾನಾಗಿ ಡಿಸ್ಕಿಗೆ ಸಾಗಿಸಿ ಮೂಲವನ್ನು ಅಳಿಸುವ ಸೌಲಭ್ಯವು ಅನೇಕ ಲಿನಕ್ಸ್ ಯಂತ್ರಗಳಲ್ಲಿರುವ ‘ಸಿಸ್ಟಮ್‌ಡಿ’ಗೆ ಸೇರಿದ್ದು 2019ರಲ್ಲಿ. ಬರೆಯುವುದನ್ನು ಕಲಿತ ಎಂಟು ವರ್ಷಗಳ ಮೇಲೆ!