ಸಂದಿ ಎಂಬುದು ರಸ್ತೆಯಲ್ಲ ಸ್ವಾಮಿ!

ಸಂಜೆ ಆರರ ಹೊತ್ತಿಗೆ ಶಿವಮೊಗ್ಗದ ಅಮೀರ್ ಅಹಮದ್ ವೃತ್ತದ ಬಳಿ ಐದು ನಿಮಿಷ ನಿಂತು ನೋಡಿ. ಬಸ್ಸುಗಳ ಸಾಲು ನಿಂತಿತೋ ಇಲ್ಲವೋ, ಸಂದಿ ಸಂದಿಯಲ್ಲೂ ಬೈಕುಗಳು ನುಗ್ಗುತ್ತವೆ. ಕೇಳಿದರೆ 'ಏನ್ ಮಾಡೋದ್ ಸಾರ್, ಅರ್ಜೆಂಟು' ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ.

ನುಗ್ಗಲೇಬೇಡಿ ಎಂದರೆ ಕೇಳುವವರು ಯಾರು? ಅಮೆರಿಕದ ಯೂಟಾ ರಾಜ್ಯ ಕೂಡ 2019ರಲ್ಲಿ ಇದಕ್ಕೆ ಅನುಮತಿ ಕೊಟ್ಟು ಕಾನೂನು ಮಾಡಿತು. ಆದರೆ ಷರತ್ತು ಕೇಳಿ: ಮುಂದಿನ ವಾಹನ ಪೂರ್ತಿ ನಿಂತಿರಬೇಕು, ಬೈಕಿನ ವೇಗ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. ದಾಟಬಾರದು. ನಮ್ಮಲ್ಲೋ, ಬಸ್ಸು ಹೊರಟ ಮೇಲೇ ನುಗ್ಗಾಟ ಜೋರು!

30 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 27 ಅಡಿ ಓಡುತ್ತದೆ. ಕಣ್ಣು ಕಂಡು ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ. ಬಸ್ಸಿನ ಮೆಟ್ಟಿಲಿಂದ ಚೀಲ ಹಿಡಿದು ಇಳಿದ ಅಜ್ಜಿ ಎಲ್ಲಿಗೆ ಓಡಬೇಕು?

ಎಲ್ಲಕ್ಕಿಂತ ಕೆಟ್ಟ ಜಾಗ ಬಸ್ಸಿನ ಎಡಗಡೆ. ಬಾಗಿಲಿರುವುದು ಅಲ್ಲೇ. ಡ್ರೈವರ್ ಕೂರುವುದು ಬಲಕ್ಕೆ. ಎಡಕ್ಕೆ ಅಂಟಿಕೊಂಡು ಬಂದ ಬೈಕು ಕನ್ನಡಿಗೆ ಬೀಳದೇ ಹೋಗಬಹುದು. ಎಡಕ್ಕೆ ತಿರುಗುವಾಗ ಬಸ್ಸಿನ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಇನ್ನೂ ಒಳಕ್ಕೆ ಒತ್ತಿ ಬರುತ್ತದೆ. ಈಗ ಕಂಡ ಸಂದಿ ಮರುಗಳಿಗೆಗೆ ಮಾಯ. ಹಿಂದೆ ಹಾಕುವುದಾದರೆ ಬಲಗಡೆಯಿಂದ ಎಂಬುದು ಲೈಸೆನ್ಸಿಗೆ ಹೋದವರೆಲ್ಲ ಕಲಿತ ಪಾಠ. ಲೈಸೆನ್ಸ್ ಕೈಗೆ ಬಂದ ದಿನವೇ ಅದು ಮರೆತುಹೋಗುತ್ತದೆ.

ತಪ್ಪು ಸವಾರರದ್ದೊಂದೇ ಅಲ್ಲ. ಅಂಗಡಿಯ ಡಬ್ಬಿ, ಬಕೆಟ್ಟುಗಳು ಫುಟ್‌ಪಾತಿಗೆ ಬಂದರೆ ನಡೆಯುವವರು ರಸ್ತೆಗೇ ಇಳಿಯಬೇಕು. ನಿಲ್ದಾಣ ಬಿಟ್ಟು ನಡುರಸ್ತೆಯಲ್ಲಿ ಬಸ್ ನಿಲ್ಲಿಸಿದರೆ ಇಳಿದವರು ಬೈಕಿನ ಬಾಯಿಗೇ ಬೀಳುತ್ತಾರೆ. 'ಇಲ್ಲೇ ಸ್ವಲ್ಪ ನಿಲ್ಸಿ' ಎನ್ನುವ ಪ್ರಯಾಣಿಕರೂ ಇದರಲ್ಲಿ ಪಾಲುದಾರರೇ. ಮೂಲೆಯಲ್ಲಿ ನಿಂತು ಹೆಲ್ಮೆಟ್ ಹುಡುಕುವ ಪೊಲೀಸರು ದಿನಕ್ಕೊಂದು ಗಂಟೆ ಬಸ್ಸಿನ ಬಾಗಿಲ ಕಡೆ ನಿಲ್ಲಲಿ, ಎಲ್ಲಾ ಅರ್ಥವಾದೀತು.

ಸವಾರರು ಇಷ್ಟು ಮಾಡಿದರೆ ಸಾಕು. ಸಾಲು ನಿಂತಿದ್ದಾಗ ನಡಿಗೆಯ ವೇಗ. ಸಾಲು ಕದಲಿದರೆ ಸಂದಿಯ ಆಸೆ ಬಿಡುವುದು. ಬಸ್ಸಿನ ಎಡಕ್ಕೆ ಎಂದೆಂದೂ ಬೇಡ. ಐದು ನಿಮಿಷ ತಡವಾದರೆ ಮನೆಯಲ್ಲಿ ಬೈದಾರು. ಬೈಯುವ ಭಾಗ್ಯವಾದರೂ ಅವರಿಗಿರಲಿ.