ಅಜ್ಜಿಯ ಹಾಡಿಗೆ ಎಂಥ ಹಾರ್ಡ್‌ಡಿಸ್ಕ್?

ಹಿರಿಯೂರಿನ ಹುಡುಗಿಯೊಬ್ಬಳು ಚಿತ್ರದುರ್ಗದ ಕಾಲೇಜಿನಲ್ಲಿ ಓದುತ್ತಿದ್ದಾಳೆ ಎಂದುಕೊಳ್ಳಿ. ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಅವಳ ಅಜ್ಜಿ ಇದ್ದಾರೆ. ಬೀಸುವ ಪದ, ಸೋಬಾನೆ ಪದ ಎಲ್ಲವೂ ಅಜ್ಜಿಗೆ ಬಾಯಿಪಾಠ. ಬೇಸಿಗೆ ರಜೆಯಲ್ಲಿ ಅವನ್ನೆಲ್ಲ ಹಾಡಿಸಿ ಮನೆಯ ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಬೇಕೆಂಬುದು ಮೊಮ್ಮಗಳ ಆಸೆ. ಮೈಕು ಬಂದಿದೆ, ಕಂಪ್ಯೂಟರ್ ಮೊದಲೇ ಇದೆ. "ಅಪ್ಪಾ, ಒಂದು ಹಾರ್ಡ್‌ಡಿಸ್ಕ್ ಕೊಡಿಸು" ಎನ್ನುತ್ತಾಳೆ. ಅಪ್ಪನ ಪ್ರಶ್ನೆ ಒಂದೇ: "ಕೆಡದೇ ಇರೋದು ಯಾವುದು ಹೇಳು, ಅದನ್ನೇ ತರೋಣ."

ಹಣ ಕೊಡುವವರು ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಕೆಡದ ಹಾರ್ಡ್‌ಡಿಸ್ಕನ್ನು ಇದುವರೆಗೆ ಯಾರೂ ತಯಾರಿಸಿಲ್ಲ. ಒಳ್ಳೆಯದನ್ನು ಆರಿಸುವ ದಾರಿ ಇದೆ, ಅದು ಕೆಟ್ಟ ದಿನವೂ ಹಾಡು ಉಳಿಯುವಂತೆ ನೋಡಿಕೊಳ್ಳುವ ದಾರಿಯೂ ಇದೆ. ಇವೆರಡನ್ನೂ ಒಟ್ಟಿಗೆ ತಿಳಿದುಕೊಂಡು ಅಂಗಡಿಗೆ ಹೋಗುವುದು ಲೇಸು.

ಕಳೆದುಕೊಂಡರೆ ಮತ್ತೆ ಸಿಗದ್ದು

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ಅಕ್ಷರ ಕಲಿಯದ ಆಕೆ ಸಾವಿರಾರು ಪದಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವರಂಥ ವಿದ್ವಾಂಸರು ಬಳಿ ಕೂತು ಕೇಳಿ ಸಂಗ್ರಹಿಸಿದ್ದರಿಂದ ಆ ಪದಗಳು ಪುಸ್ತಕಕ್ಕೆ ಬಂದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು. ಇಂದು ಸಿರಿಯಜ್ಜಿ ಇಲ್ಲ. ಸಂಗ್ರಹವಾದ ಹಾಡುಗಳು ಇವೆ. ಯಾವ ವಿದ್ವಾಂಸರೂ ತಲುಪದ ಅಜ್ಜಿಯರು ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಪಾಲಿಗೆ ಮೊಮ್ಮಕ್ಕಳೇ ಸಂಗ್ರಾಹಕರು. ಪರೀಕ್ಷೆಯ ಟಿಪ್ಪಣಿ ಅಳಿಸಿಹೋದರೆ ಗೆಳತಿಯ ಬಳಿ ಸಿಗುತ್ತದೆ. ಅಜ್ಜಿಯ ಹಾಡು ಅಳಿಸಿಹೋದರೆ, ಮುಂದಿನ ರಜೆಗೆ ಅಜ್ಜಿ ಇರುತ್ತಾರೆಂಬ ಭರವಸೆ ಯಾರಿಗೂ ಇಲ್ಲ.

ಹಿಂದಿನ ಕ್ಯಾಸೆಟ್ಟು ಹಳೆಯದಾದಂತೆ ದನಿ ಮಂಕಾಗುತ್ತಿತ್ತು. ನಡುವೆ ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ಲಿನಿಂದ ತಿರುಗಿಸಿ ಸರಿಮಾಡಬಹುದಿತ್ತು. ಹಾರ್ಡ್‌ಡಿಸ್ಕ್ ಹಾಗಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಬೆಳಿಗ್ಗೆ ಬಾಯಿ ಮುಚ್ಚಿಬಿಡಬಹುದು.

ಒಳಗೆ ಏನಿದೆ?

ಹಾರ್ಡ್‌ಡಿಸ್ಕಿನ ಪೆಟ್ಟಿಗೆಯೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ-ಬರೆಯುವ ತಲೆಯೊಂದು ತಟ್ಟೆಯನ್ನು ಮುಟ್ಟದೆ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಮನುಷ್ಯನ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ ಈ ಕೆಲಸ ಎಷ್ಟು ನಾಜೂಕಿನದು ಎಂಬುದು ತಿಳಿಯುತ್ತದೆ. ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ಬಡಿದು, ಹಾಡಿನ ಜೊತೆ ಡಿಸ್ಕೂ ಹೋಗುತ್ತದೆ.

1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 5 ಮೆಗಾಬೈಟ್. ಇಂದಿನ ಸಿಡಿ ಗುಣಮಟ್ಟದ ಹಾಡು ಅದರಲ್ಲಿ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಎಷ್ಟು ಜಾಗ ಬೇಕು?

ಅಂಗಡಿಗೆ ಹೋಗುವ ಮುನ್ನ ಒಂದು ಗುಣಾಕಾರ ಮಾಡಿಕೊಳ್ಳಬೇಕು. ಸಿಡಿ ಗುಣಮಟ್ಟವೆಂದರೆ ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 16 ಬಿಟ್, ಎಡ-ಬಲ ಎರಡು ದಾರಿ. ಗಂಟೆಗೆ ಸುಮಾರು 635 ಮೆಗಾಬೈಟ್ ಆಯಿತು. ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಕನಿಷ್ಠ 48,000 ಮಾದರಿ, 24 ಬಿಟ್ ಇರಲಿ ಎಂದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸಲಹೆ ಮಾಡುತ್ತದೆ. ಮನೆಯ ಕೆಲಸಕ್ಕೂ ಅದೇ ಒಳ್ಳೆಯ ಅಳತೆ. ಆಗ ಗಂಟೆಗೆ ಸುಮಾರು 1 ಗಿಗಾಬೈಟ್. ಅಂದರೆ 1 ಟೆರಾಬೈಟಿನ ಡಿಸ್ಕಿನಲ್ಲಿ 900 ಗಂಟೆಗೂ ಮೀರಿ ಹಾಡು ಹಿಡಿಯುತ್ತದೆ. ಒಬ್ಬ ಅಜ್ಜಿಗೆ ಧಾರಾಳ, ಇಡೀ ಊರಿಗೂ ಸಾಕಾದೀತು.

ವೇಗದ ಚಿಂತೆಯೂ ಬೇಡ. ಈ ಮುದ್ರಣಕ್ಕೆ ಸೆಕೆಂಡಿಗೆ ಬೇಕಾದದ್ದು ಒಂದು ಮೆಗಾಬೈಟಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಸಾಮಾನ್ಯ ಡಿಸ್ಕ್ ನೂರರಷ್ಟು ಬರೆಯಬಲ್ಲದು. ಆದ್ದರಿಂದ "ಇದು ಬಹಳ ಫಾಸ್ಟು" ಎಂದು ಅಂಗಡಿಯವರು ಹೇಳುವ ದುಬಾರಿ ಮಾಲು ಇಲ್ಲಿ ಅನಗತ್ಯ.

ಯಾವ ಬಗೆ?

ಈಗ ಎರಡು ಬಗೆ ಸಿಗುತ್ತವೆ. ಒಂದು, ಮೇಲೆ ಹೇಳಿದ ತಿರುಗುವ ಹಾರ್ಡ್‌ಡಿಸ್ಕ್. ಇನ್ನೊಂದು, ತಿರುಗುವ ಭಾಗವೇ ಇಲ್ಲದ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ. ಹಾಡಿಸುವ ಹೊತ್ತಿಗೆ ಎಸ್‌ಎಸ್‌ಡಿ ಮೇಲು. ಅದು ಗುಂಯ್‌ಗುಡುವುದಿಲ್ಲ, ತಿರುಗುವ ಡಿಸ್ಕನ್ನು ಮೈಕಿನ ಹತ್ತಿರ ಇಟ್ಟರೆ ಅದರ ಸದ್ದೂ ಅಜ್ಜಿಯ ದನಿಯ ಜೊತೆ ಸೇರುತ್ತದೆ. ಎಸ್‌ಎಸ್‌ಡಿ ಕೈತಪ್ಪಿ ಬಿದ್ದರೂ ಬದುಕುವ ಸಂಭವ ಹೆಚ್ಚು. ಆದರೆ ಅದು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಕರೆಂಟು ಕಾಣದೆ ಬೀರುವಿನಲ್ಲಿ ಬಿದ್ದಿದ್ದರೆ ಆ ಆವೇಶ ಮೆಲ್ಲಗೆ ಸೋರಿಹೋಗುತ್ತದೆ. ಹೀಗಾಗಿ ಮುದ್ರಿಸಲು ಎಸ್‌ಎಸ್‌ಡಿ, ಎತ್ತಿಡಲು ತಿರುಗುವ ಹಾರ್ಡ್‌ಡಿಸ್ಕ್ ಎಂಬ ಹಂಚಿಕೆ ಒಳ್ಳೆಯದು. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೊರಗಿನಿಂದ ಕೊಳ್ಳಬೇಕಾದದ್ದು ಎತ್ತಿಡುವ ಡಿಸ್ಕು ಮಾತ್ರ.

ತಿರುಗುವ ಡಿಸ್ಕುಗಳಲ್ಲೂ ಒಂದು ಒಳಭೇದವಿದೆ. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಚು ಬರುವಂತೆ ಬರೆಯುವುದು ಎಸ್‌ಎಂಆರ್. ಸಾಲುಸಾಲಾಗಿ ಬಿಡಿಸಿ ಬರೆಯುವುದು ಸಿಎಂಆರ್. ಎತ್ತಿಡುವುದಕ್ಕೆ ಎಸ್‌ಎಂಆರ್ ಆದೀತು. ಪದೇ ಪದೇ ಅಳಿಸಿ, ತಿದ್ದಿ ಬರೆಯುವ ಕೆಲಸದಲ್ಲಿ ಅದು ನಿಧಾನವಾಗುತ್ತದೆ. ಸಂಕಲನದ ಕೆಲಸವನ್ನೂ ಅದೇ ಡಿಸ್ಕಿನಲ್ಲಿ ಮಾಡುವವರು ಸಿಎಂಆರ್ ಕೇಳಿ ಪಡೆಯಬೇಕು.

ಯಾವ ಕಂಪನಿ?

ಇಂದು ಜಗತ್ತಿನಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ತಯಾರಿಸುವವರು ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಪೆಟ್ಟಿಗೆಯ ಮೇಲೆ ಬೇರೆ ಹೆಸರಿದ್ದರೂ ಒಳಗಿನದು ಈ ಮೂವರದೇ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆ ತನ್ನಲ್ಲಿರುವ ಲಕ್ಷಗಟ್ಟಲೆ ಡಿಸ್ಕುಗಳಲ್ಲಿ ಎಷ್ಟು ಕೆಟ್ಟವೆಂಬ ಲೆಕ್ಕವನ್ನು 2013ರಿಂದೀಚೆಗೆ ಇಟ್ಟು ಪ್ರಕಟಿಸುತ್ತಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ನೂರಕ್ಕೆ ಒಂದರಿಂದ ಎರಡರ ಒಳಗೆ ಡಿಸ್ಕುಗಳು ಕೆಟ್ಟಿವೆ. ಒಂದೇ ಕಂಪನಿಯ ಒಂದು ಮಾದರಿ ಚೆನ್ನಾಗಿ ಬಾಳಿದರೆ ಇನ್ನೊಂದು ಮಾದರಿ ಬಾಳಿಲ್ಲ. ಅಂದಮೇಲೆ ಹೆಸರಿನ ಮೇಲೆ ಜಗಳ ಕಾಯುವುದರಲ್ಲಿ ಹುರುಳಿಲ್ಲ. ನೂರಕ್ಕೆ ಒಂದೇ ಆದರೂ, ಆ ಒಂದು ಯಾರ ಮನೆಯದು ಎಂಬುದು ಮೊದಲೇ ತಿಳಿಯುವುದಿಲ್ಲ.

ಡಿಸ್ಕು ಕೆಡುವ ಮುನ್ನ ಸೂಚನೆ ಕೊಡುವುದಿಲ್ಲವೇ ಎಂದು ಕೇಳಬಹುದು. ಸ್ಮಾರ್ಟ್ ಎಂಬ ಸ್ವಯಂತಪಾಸಣೆ ವ್ಯವಸ್ಥೆ ಡಿಸ್ಕಿನೊಳಗೇ ಇದೆ. ಆದರೆ ಗೂಗಲ್ ಸಂಸ್ಥೆಯ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ವ್ಯವಸ್ಥೆಯ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಎಚ್ಚರಿಕೆ ಬಂದರೆ ಕೂಡಲೇ ಓಗೊಡಬೇಕು. ಬರಲಿಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಬಿಲ್ಲು ಪಡೆಯಬೇಕು. ಡಿಸ್ಕಿನ ಕ್ರಮಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗೆ ಇದೆಯೆಂದು ನೋಡಬೇಕು. ವಾರಂಟಿ ಇದ್ದರೆ ಕೆಟ್ಟ ಡಿಸ್ಕಿಗೆ ಬದಲಿ ಡಿಸ್ಕು ಕೊಡುತ್ತಾರೆ, ಅದರಲ್ಲಿದ್ದ ಹಾಡನ್ನಲ್ಲ ಎಂಬುದು ಪೋಷಕರಿಗೆ ನೆನಪಿರಲಿ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕು ಎಷ್ಟು ಗಂಟೆ ಓಡಿದೆ ಎಂಬುದು ಕಾಣುತ್ತದೆ. ಹೊಸದೆಂದು ಕೊಂಡದ್ದು ಸಾವಿರಾರು ಗಂಟೆ ತೋರಿಸಿದರೆ ಅದು ಹಳೆಯ ಮಾಲು. ನಂಬಲಾಗದಷ್ಟು ಅಗ್ಗಕ್ಕೆ 16 ಟೆರಾಬೈಟ್ ಎಂದು ಮಾರುವ ಪುಟ್ಟ ಡಬ್ಬಿಗಳಿಗೆ ಮರುಳಾಗಬಾರದು. ಅವು ತುಂಬಿದಂತೆ ತೋರಿಸಿ ಹಿಂದಿನದನ್ನು ಅಳಿಸುತ್ತಾ ಹೋಗುವ ನಕಲಿಗಳು. ಹೊಸ ಡಿಸ್ಕನ್ನು ಮೊದಲು ಪೂರ್ತಿ ತುಂಬಿಸಿ, ತುಂಬಿಸಿದ್ದು ತಪ್ಪಿಲ್ಲದೆ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ಅಜ್ಜಿಯ ಹಾಡನ್ನು ಅದಕ್ಕೆ ಒಪ್ಪಿಸಬೇಕು.

ಬಳಸುವಾಗ

ಚಿತ್ರದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಆದರೂ ಮನೆಯ ಕರೆಂಟು ಹಾಡಿನ ನಡುವೆ ಹೋಗುವುದಿಲ್ಲವೆಂದು ಹೇಳಲಾಗದು. ಹೋದರೆ ಬರೆಯುತ್ತಿದ್ದ ಕಡತ ಕೆಡಬಹುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಬೇಕು. ಸಾಮಾನ್ಯ ವೇವ್ ಕಡತ 4 ಗಿಗಾಬೈಟ್ ಮೀರಲಾರದು; ಮೇಲಿನ ಅಳತೆಯಲ್ಲಿ ಅದು ಸುಮಾರು ನಾಲ್ಕು ಗಂಟೆ. ರಾತ್ರಿಯಿಡೀ ನಡೆಯುವ ಭಜನೆಯನ್ನೋ ಕಥನಗೀತೆಯನ್ನೋ ಮುದ್ರಿಸುವವರು ಗಂಟೆಗೊಮ್ಮೆ ನಿಲ್ಲಿಸಿ ಹೊಸ ಕಡತ ತೆರೆಯಬೇಕು. ಪ್ರತಿ ಕಡತದ ಮೊದಲಿಗೆ ಹಾಡುವವರ ಹೆಸರು, ಊರು, ದಿನಾಂಕವನ್ನು ಬಾಯಲ್ಲೇ ಹೇಳಿಸಿದರೆ ಮುಂದೆ ಕೇಳುವವರಿಗೆ ಉಪಕಾರ. ಹೊಸದುರ್ಗದಿಂದ ಬಸ್ಸಿನಲ್ಲಿ ತರುವಾಗ ಡಿಸ್ಕನ್ನು ಕಳಚಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಒಂದಲ್ಲ, ಎರಡು

ಇಷ್ಟೆಲ್ಲ ಮಾಡಿದರೂ ಡಿಸ್ಕು ಒಂದು ದಿನ ಕೆಡುತ್ತದೆ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಮಾಹಿತಿ ಕಾಪಾಡುವವರು ಜಗತ್ತಿನ ಎಲ್ಲೆಡೆ ಪಾಲಿಸುವ ನಿಯಮ. ಮುದ್ರಿಸಿದ ಮೂಲ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ, ಒಂದು ಪ್ರತಿ ಹಿರಿಯೂರಿನ ಮನೆಯ ಡಿಸ್ಕಿನಲ್ಲಿ, ಇನ್ನೊಂದು ಹೊಳಲ್ಕೆರೆಯ ಸೋದರಮಾವನ ಮನೆಯ ಬೀರುವಿನಲ್ಲಿ. ಒಂದು ಮನೆಗೆ ಸಿಡಿಲು ಬಡಿದರೂ, ಕಳ್ಳ ಬಂದರೂ ಹಾಡು ಉಳಿಯುತ್ತದೆ. ಪ್ರತಿ ದಸರಾ ರಜೆಗೆ ಎರಡೂ ಡಿಸ್ಕು ಜೋಡಿಸಿ, ಹಾಡುಗಳನ್ನು ಕೇಳಿ ನೋಡಬೇಕು; ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಇಳಿಸಬೇಕು.

ದುರ್ಗದ ಕೋಟೆಗೆ ಏಳು ಸುತ್ತು ಕಟ್ಟಿಸಿದವರು ಒಂದು ಗೋಡೆಯನ್ನು ನಂಬಿ ಕೂರಲಿಲ್ಲ. ಅಷ್ಟಿದ್ದೂ ಒಂದು ಕಿಂಡಿ ಉಳಿದಿತ್ತು, ಅದನ್ನು ಕಾಯಲು ಓಬವ್ವ ಬೇಕಾಯಿತು. ಹಾಡಿಗೂ ಸುತ್ತುಗಳು ಬೇಕು, ಎಚ್ಚರವಾಗಿರುವ ಒಬ್ಬರೂ ಬೇಕು.

ಹಿರಿಯೂರಿನ ಆ ತಂದೆ ಒಂದು ದೊಡ್ಡ ಡಿಸ್ಕಿಗೆಂದು ತೆಗೆದಿಟ್ಟ ಹಣದಲ್ಲಿ ಎರಡು ಚಿಕ್ಕ ಡಿಸ್ಕು ತರಲಿ. ಮಗಳು ಬೇಸಿಗೆಯವರೆಗೂ ಕಾಯುವುದು ಬೇಡ. ಬರುವ ಭಾನುವಾರವೇ ಹೊಸದುರ್ಗದ ಬಸ್ಸು ಹತ್ತಲಿ.